ಬಾಗಿಲಿಗೆ ಅಡ್ಡ ನಿಂತ ಹಳದಿ ಹಡಗು

ನಾನು ಸ್ಕೂಟರಿಗೆ ಮೂರು ಬೀಗ ಹಾಕುವವನು. ಹ್ಯಾಂಡಲ್ ಲಾಕ್ ಒಂದು, ಡಿಕ್ಕಿಗೆ ಒಂದು, ಮುಂದಿನ ಚಕ್ರಕ್ಕೂ ಪಕ್ಕದ ಕಂಬಕ್ಕೂ ಸೇರಿಸಿ ಸರಪಳಿ ಬೀಗ ಒಂದು. ಹಾಕಿ ಹತ್ತು ಹೆಜ್ಜೆ ಹೋಗಿ, ವಾಪಸ್ ಬಂದು ಹ್ಯಾಂಡಲ್ ಅಲ್ಲಾಡಿಸಿ ನೋಡುತ್ತೇನೆ. ಡಿಕ್ಕಿಯಲ್ಲಿ ಒಂದು ಒರೆಸುವ ಬಟ್ಟೆ ಬಿಟ್ಟರೆ ಏನೂ ಇರುವುದಿಲ್ಲ. ಆದರೂ ಕದಿಯುವವನಿಗೆ ಅದು ಗೊತ್ತಿರಬೇಕಲ್ಲ.

ಈ ಸ್ವಭಾವದವನು ಆಕಾಶದಲ್ಲಿ ಹಡಗು ಓಡಿಸುತ್ತಿದ್ದೆ ಎಂದರೆ ಮನೆಯಲ್ಲಿ ಈಗಲೂ ನಗುತ್ತಾರೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನನಗೆ ಗುಬ್ಬಿಯಲ್ಲಿ ಕೆಲಸ. ಪ್ರತಿ ಶನಿವಾರ ಮಧ್ಯಾಹ್ನ ತುಮಕೂರಿಗೆ ಬಂದು, ಮಂಡಿಪೇಟೆ ಹತ್ತಿರದ ಒಂದು ಸೈಬರ್ ಸೆಂಟರಿನಿಂದ ವಾರದ ವರದಿ ಮೇಲ್ ಮಾಡಬೇಕಿತ್ತು. ಕಳಿಸಲು ಹತ್ತು ನಿಮಿಷ ಸಾಕು. ಹೋಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಲು ನನಗೆ ಇನ್ನೂ ಒಂದು ಗಂಟೆ ಬೇಕು. ಆ ಒಂದು ಗಂಟೆಯಲ್ಲೇ ನಾನು ಆ ಆಟಕ್ಕೆ ಬಿದ್ದದ್ದು.

ಎಲ್ಲೆಲ್ಲಿಯದೋ ಜನ ಇಂಟರ್ನೆಟ್ಟಿನಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಹಡಗು ಇಟ್ಟುಕೊಂಡು, ಗ್ರಹದಿಂದ ಗ್ರಹಕ್ಕೆ ಓಡಾಡುವ ಆಟ ಅದು. ಸಾಮಾನು ಇಳಿಸಲು ನಡುನಡುವೆ ನಿಲ್ದಾಣಗಳಿದ್ದವು. ನಿಲ್ದಾಣಕ್ಕೆ ಒಂದೇ ಬಾಗಿಲು. ನಮ್ಮ ಬಸ್ ಸ್ಟ್ಯಾಂಡಿನ ಹಾಗೆ ಎಲ್ಲರಿಗೂ ಸೇರಿದ ಜಾಗ. ಬಂದು ಇಳಿಸಿ ಜಾಗ ಬಿಡಬೇಕು. ಬಿಟ್ಟು ಹೋಗುವ ಹಡಗಿಗೆ ಬೀಗ ಹಾಕಲು ಒಂದು ಗುಂಡಿಯೂ ಇತ್ತು. ಹಾಕದಿದ್ದರೆ ಹಿಂದೆ ಬಂದವರು ಮೂತಿ ತಾಗಿಸಿ ಪಕ್ಕಕ್ಕೆ ತಳ್ಳಿಕೊಳ್ಳಬಹುದು. ಹಾಕಿದರೆ ಯಾರಿಂದಲೂ ಅಲ್ಲಾಡಿಸಲಾಗದು. ಆಟ ಮಾಡಿದವನು ಯಾರೋ, ಆ ಗುಂಡಿಯನ್ನು ನನಗಾಗಿಯೇ ಇಟ್ಟಿದ್ದನೆಂದು ನಂಬಿದ್ದೆ.

ನಮ್ಮದು ಐದು ಜನರ ಒಂದು ಗುಂಪು. ಯಾರ ಮುಖವನ್ನೂ ಯಾರೂ ಕಂಡಿಲ್ಲ. ತೇಲುವ ಕಲ್ಲುಬಂಡೆ ಕಂಡರೆ ನಾನು ಹೆದರಿ ಹಡಗು ವಾಪಸ್ ತಿರುಗಿಸುತ್ತಿದ್ದುದರಿಂದ ತಿಂಗಳುಗಟ್ಟಲೆ ನನಗೆ ಕೊಟ್ಟಿದ್ದು ಕಾವಲು ಕೆಲಸ. ಆ ಶನಿವಾರ ಮೊದಲ ಬಾರಿಗೆ ಒಂದು ಲೋಡು ನಂಬಿ ಕೊಟ್ಟರು. ಗಾಜಿನ ಪೆಟ್ಟಿಗೆಯಲ್ಲಿ ಸಸಿಗಳು. ಪೆಟ್ಟಿಗೆಯಲ್ಲಿದ್ದ ಗಾಳಿ ತೀರುವುದರೊಳಗೆ ಇಳಿಸಬೇಕು, ಇಲ್ಲದಿದ್ದರೆ ಎಲ್ಲವೂ ಒಣಗಿ ಹೋಗುತ್ತವೆ. ಇದೂ ಆಗದಿದ್ದರೆ ಗುಂಪಿನಲ್ಲಿ ನಿನಗೆ ಜಾಗವಿಲ್ಲ ಎಂದು ಗುಂಪಿನ ಮುಖ್ಯಸ್ಥ ಇಂಗ್ಲಿಷಿನಲ್ಲಿ ಬರೆದಿದ್ದ. ಆಫೀಸಿನಲ್ಲೂ ನನಗೆ ಅಷ್ಟು ಭಯ ಆಗಿರಲಿಲ್ಲ.

ನಿಲ್ದಾಣ ತಲುಪಿದಾಗ ಹನ್ನೆರಡು ನಿಮಿಷದ ಗಾಳಿ ಉಳಿದಿತ್ತು. ಬಾಗಿಲಿಗೆ ಅಡ್ಡಲಾಗಿ ಒಂದು ದಪ್ಪ ಹಳದಿ ಹಡಗು ನಿಂತಿತ್ತು. ಒಳಗೆ ದೀಪವಿಲ್ಲ. ಓಡಿಸುವವನು ನಿಲ್ಲಿಸಿ ಎಲ್ಲೋ ಎದ್ದು ಹೋಗಿದ್ದ. ನಾನು ಗೊತ್ತಿದ್ದ ಇಂಗ್ಲಿಷಿನಲ್ಲಿ, ಮಾನ್ಯರೇ ಎಂದು ಶುರು ಮಾಡಿ, ದಯವಿಟ್ಟು ತಮ್ಮ ಹಡಗನ್ನು ಸ್ವಲ್ಪ ಸರಿಸಿ ಸಹಕರಿಸಬೇಕೆಂದು ಕೋರಿ, ತಮ್ಮ ವಿಶ್ವಾಸಿ ಎಂದು ಮುಗಿಸಿದೆ. ಉತ್ತರವಿಲ್ಲ. ಉಲ್ಲೇಖ ಹಾಕಿ ಇನ್ನೊಂದು ಜ್ಞಾಪನಾಪತ್ರ ಕಳಿಸಿದೆ.

ಆಗಲೇ ಹೊರಗೆ ಗದ್ದಲ ಕೇಳಿಸಿತು.

ಸೈಬರ್ ಸೆಂಟರಿಗೂ ಪಕ್ಕದ ಹಾಸಿಗೆ ಅಂಗಡಿಗೂ ಸೇರಿ ರಸ್ತೆಯಿಂದ ಒಳಕ್ಕೆ ಒಂದು ಕಿರಿದಾದ ಓಣಿ. ಗುಬ್ಬಿಯಲ್ಲಿ ಯಾರದೋ ಸ್ಕೂಟರ್ ಕಳುವಾಯಿತೆಂದು ಬೆಳಿಗ್ಗೆ ಕೇಳಿದ್ದೆ. ಆದ್ದರಿಂದ ಯಾವತ್ತಿನಂತೆ ರಸ್ತೆಯಲ್ಲಿ ನಿಲ್ಲಿಸದೆ, ಅವತ್ತು ಓಣಿಯ ಬಾಯಲ್ಲಿ, ದೀಪದ ಕಂಬಕ್ಕೆ ಬಿಗಿದು ಬಂದಿದ್ದೆ. ಓಣಿಯೊಳಗೆ ಒಂದು ಲಗೇಜ್ ಆಟೋ ನಿಂತಿದ್ದನ್ನು ನೋಡಿದ್ದೆ. ನೋಡಿದ್ದೆ ಅಷ್ಟೆ, ಅದು ಯಾವತ್ತಾದರೂ ಹೊರಗೆ ಹೋಗಬೇಕಾದೀತು ಎಂದು ಹೊಳೆದಿರಲಿಲ್ಲ.

ಹಾಸಿಗೆ ಅಂಗಡಿಯ ಸಾಹೇಬರು ಒಳಗೆ ಬಂದರು. ಎಪ್ಪತ್ತರ ಆಸುಪಾಸಿನ ಮನುಷ್ಯ, ಗಡ್ಡದ ತುಂಬ ಹತ್ತಿಯ ಎಳೆ. ಒಂದೊಂದೇ ಕ್ಯಾಬಿನ್ನಿನ ಪರದೆ ಸರಿಸಿ ಕೇಳುತ್ತ ಕೊನೆಗೆ ನನ್ನ ಹತ್ತಿರ ಬಂದರು.

"ಸಾರ್, ಆಚೆ ಬೂದಿ ಕಲರ್ ಸ್ಕೂಟರ್ ನಿಮ್ದಾ?"

ನನ್ನ ಸ್ಕೂಟರಿನ ಆರ್‌ಸಿ ಪುಸ್ತಕದಲ್ಲಿ ಬೆಳ್ಳಿ ಬಣ್ಣ ಎಂದು ಬರೆದಿತ್ತು. ಎದ್ದು ಹೋದರೆ ಆಟದಲ್ಲಿ ನನ್ನ ಸರದಿ ತಪ್ಪುತ್ತಿತ್ತು, ಬಾಗಿಲಿಗೆ ಇನ್ನೂ ತಾಗದ ಹಡಗು ಹಿಂದಕ್ಕೆ ತೇಲಿ ಹೋಗುತ್ತಿತ್ತು. "ಬೂದಿ ಕಲರ್ರಾ? ಇಲ್ವಲ್ಲ ಸಾಹೇಬ್ರೆ," ಎಂದೆ. ಹತ್ತೇ ನಿಮಿಷ ತಾನೆ, ಆಮೇಲೆ ನಾನೇ ಹೋಗಿ ತೆಗೆಯುತ್ತೇನೆ ಎಂದುಕೊಂಡೆ.

ಅವರು ಹೋಗಲಿಲ್ಲ. ಸುಸ್ತಾಗಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

"ನಾಳೆ ನನ್ನ ಮೊಮ್ಮಗಳ ನಿಕಾಹ್, ಕುಣಿಗಲ್ಲಲ್ಲಿ. ನಾಲ್ಕು ಗಂಟೆಗೆ ಮನೆಯಿಂದ ವ್ಯಾನ್ ಹೊರಡುತ್ತೆ, ಡ್ರೈವರ್ ಒಂದು ನಿಮಿಷ ಕಾಯಲ್ಲ. ನಾನೇ ಕೈಯಾರೆ ಹೊಲ್ದಿರೋ ಹಾಸಿಗೆ ಸಾರ್, ಬೂರುಗದ ಹತ್ತಿದು. ಆಟೋಗೆ ಹಾಕಿ ಕಟ್ಟಾಯ್ತು. ಯಾವನೋ ಸ್ಕೂಟರ್ ಅಡ್ಡ ನಿಲ್ಸಿ, ಹ್ಯಾಂಡಲ್ ಲಾಕ್ ಹಾಕಿ, ಮ್ಯಾಲಿಂದ ಕಂಬಕ್ಕೆ ಚೈನೂ ಬಿಗ್ದವ್ನೆ. ಹಸು ಕಟ್ಟಿದಂಗೆ."

"ಎಂತಾ ಜನ," ಎಂದೆ. ಧ್ವನಿ ನನ್ನದೇ ಎಂದು ನಂಬಲಾಗಲಿಲ್ಲ.

"ಇದೇನಿದು?" ಎಂದು ಅವರು ಕಂಪ್ಯೂಟರ್ ಪರದೆಯ ಕಡೆ ಬಗ್ಗಿದರು. ಹೇಳಿದೆ. ಸಸಿಗಳ ವಿಷಯ, ಗಾಳಿ ತೀರುವ ವಿಷಯ, ಹಳದಿ ಹಡಗಿನ ವಿಷಯ. ಅವರಿಗೆ ಎರಡು ಮಾತಿನಲ್ಲಿ ಅರ್ಥವಾಯಿತು. ಅವತ್ತು ಇಡೀ ತುಮಕೂರಿನಲ್ಲಿ ಇದನ್ನು ಅವರಷ್ಟು ಬೇಗ ಅರ್ಥ ಮಾಡಿಕೊಳ್ಳುವವರು ಬೇರೆ ಯಾರೂ ಇದ್ದಿರಲಾರರು.

"ಅಷ್ಟು ದೊಡ್ಡ ಆಕಾಶ ಖಾಲಿ ಬಿದ್ದದೆ. ಇವನಿಗೆ ಬಾಗ್ಲಲ್ಲೇ ಜಾಗ ಬೇಕಾಯ್ತಾ?"

"ಅದೇ ನೋಡಿ."

"ಹಾರ್ನ್ ಇಲ್ವಾ?"

"ಇಲ್ಲ. ಕಾಗದ ಬರ್ದಿದೀನಿ. ಎರಡು."

"ಕಾಗದಾನಾ?" ಸಾಹೇಬರು ನನ್ನನ್ನು ಮರುಕದಿಂದ ನೋಡಿದರು. "ಇವನೂ, ನಮ್ಮ ಓಣೀಲಿ ನಿಲ್ಸಿರೋನೂ ಒಂದೇ ತಾಯಿ ಮಕ್ಕಳಿರ್ಬೇಕು. ಇಂತೋರ್ನ ಹೊಟ್ಟೇಗೆ ಅನ್ನ ತಿನ್ನೋರು ಅಂತಾರಾ?"

"ಹೂಂ," ಎಂದೆ.

ನಾಲ್ಕು ನಿಮಿಷದ ಗಾಳಿ ಉಳಿದಿತ್ತು. ಗೋಡೆ ಗಡಿಯಾರದಲ್ಲಿ ಮೂರೂ ನಲವತ್ತು. ಹೊರಗೆ ಆಟೋದವನು ಹಾರ್ನ್ ಒತ್ತಿ ಹಿಡಿದಿದ್ದ. ನನ್ನ ಜೇಬಿನಲ್ಲಿ ಕೀ ಗೊಂಚಲು ಕೆಂಡದ ಹಾಗೆ ಕೂತಿತ್ತು.

"ತಳ್ಳಿ ನೋಡಿ ಮತ್ತೆ," ಎಂದರು ಸಾಹೇಬರು.

"ಲಾಕ್ ಹಾಕಿರ್ತಾನೆ. ಇಲ್ದಿದ್ರೂ ಉಜ್ಜಿ ಗೀರು ಬಿದ್ರೆ ಯಾರು ಜವಾಬ್ದಾರಿ?"

"ಆಕಾಶದಲ್ಲಿ ಯಾರ್ರೀ ನೋಡ್ತಾರೆ ಗೀರು? ತಳ್ಳಿ ಸುಮ್ನೆ. ಮೆತ್ತಗೆ."

ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ನನ್ನ ಹಡಗಿನ ಮೂತಿ ಹಳದಿ ಹಡಗಿಗೆ ತಾಗಿತು. ಅದು ಹಿಂಡಿಯ ಕಡೆಗೆ ಮುಖ ತಿರುಗಿಸುವ ಎಮ್ಮೆಯ ಹಾಗೆ ನಿಧಾನಕ್ಕೆ ಪಕ್ಕಕ್ಕೆ ಸರಿಯಿತು. ನಾನು ಬಾಗಿಲಿಗೆ ಹೋಗಿ ನಿಂತೆ. ಸಸಿಗಳು ಇಳಿದವು. ಪರದೆಯ ಮೇಲೆ ಹಸಿರು ಅಕ್ಷರ ಬಂತು.

ಸಾಹೇಬರು ನನ್ನ ಬೆನ್ನು ತಟ್ಟಿದರು. ಆಮೇಲೆ ಆ ಹಳದಿ ಹಡಗನ್ನೇ ನೋಡುತ್ತ ಹೇಳಿದರು: "ಪಾಪ, ಲಾಕ್ ಹಾಕಿಲ್ಲ ನೋಡಿ. ಹಿಂದೆ ಬಂದೋರು ಜರುಗ್ಸಿಕೊಳ್ಳಲಿ ಅಂತ ಹಂಗೇ ಬಿಟ್ಟೋಗವ್ನೆ. ನಾವು ಸುಮ್ನೆ ಬೈದ್ವಿ. ಒಳ್ಳೇ ಮನುಷ್ಯ."

ಇಷ್ಟು ಹೊತ್ತು ಬೈಗುಳ ತಡೆದುಕೊಂಡಿದ್ದೆ. ಆ ಹೊಗಳಿಕೆ ತಡೆಯಲಾಗಲಿಲ್ಲ.

"ಸಾಹೇಬ್ರೆ, ಆ ಸ್ಕೂಟರ್ ನಂದು."

ಅವರು ಹಡಗು ಬಿಟ್ಟು ನನ್ನ ಕಡೆ ತಿರುಗಿದರು. "ನಾನು ಬೈತಿದ್ದಾಗ ನೀವೂ ಹೂಂ ಅಂತಿದ್ರಲ್ಲ?"

"ಹೂಂ," ಎಂದೆ ಮತ್ತೆ.

"ಎದ್ದೇಳಿ," ಎಂದರು.

ಎದ್ದೆ. ಏಳುವ ಮುಂಚೆ ಅಭ್ಯಾಸ ಬಲದಿಂದ ಕೈ ಒಂದು ಗುಂಡಿ ಒತ್ತಿತು. ಅದರ ವಿಷಯ ಆಮೇಲೆ. ಓಣಿಗೆ ಓಡಿ ಸರಪಳಿ ಬಿಚ್ಚಿದೆ. ಗಡಿಬಿಡಿಯಲ್ಲಿ ಹ್ಯಾಂಡಲ್ ಲಾಕಿಗೆ ಮೊದಲು ಡಿಕ್ಕಿ ಕೀ ಹಾಕಿದೆ. ಆಟೋದವನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕಕ್ಕೆ ಐದು ನಿಮಿಷ.

"ಲೋಡ್ ಆಟೋ ಅಷ್ಟು ಬೇಗ ಹೋಗಲ್ಲ. ನಾವು ಮುಂದೆ ಹೋಗಿ ವ್ಯಾನ್ ನಿಲ್ಸೋಣ," ಎಂದು ಸಾಹೇಬರು ನನ್ನ ಹಿಂದೆ ಹತ್ತಿ ಕೂತರು. ಜೀವನದಲ್ಲಿ ನಾನು ಅಷ್ಟು ಜೋರಾಗಿ ಗಾಡಿ ಓಡಿಸಿದ್ದು ಅದೊಂದೇ ಸಲ. ಸೈಕಲ್ಲಿನವರೊಬ್ಬರನ್ನು ಹಿಂದೆ ಹಾಕಿದೆ ಕೂಡ.

ಕುಣಿಗಲ್ ರಸ್ತೆಯ ಕಡೆಯ ಅವರ ಬೀದಿಗೆ ತಿರುಗಿದಾಗ ವ್ಯಾನು ಹೊರಟು ನಿಧಾನವಾಗಿ ಎದುರಿಗೆ ಬರುತ್ತಿತ್ತು. "ಅಡ್ಡ ನಿಲ್ಸಿ ಸಾರ್, ಅಡ್ಡ ನಿಲ್ಸಿ," ಎಂದು ಸಾಹೇಬರು ನನ್ನ ಭುಜ ಕುಟ್ಟಿದರು. ಬೀದಿಗೆ ಅಡ್ಡಲಾಗಿ ನಿಲ್ಲಿಸಿದೆ. ಸ್ಟ್ಯಾಂಡ್ ಹಾಕಿದೆ. ಹ್ಯಾಂಡಲ್ ಲಾಕ್ ಹಾಕಿ ಕೀ ಜೇಬಿಗಿಟ್ಟುಕೊಂಡೆ. ಹ್ಯಾಂಡಲ್ ಅಲ್ಲಾಡಿಸಿ ನೋಡಿದೆ.

ಡ್ರೈವರ್ ಇಳಿದು ಬಂದ. "ಏನ್ಲಾ, ರೋಡ್ ನಿಮ್ಮಪ್ಪಂದಾ? ತೆಗಿಯೋ."

"ತೆಗಿಬೇಡಿ," ಎಂದರು ಸಾಹೇಬರು. "ಹಾಸಿಗೆ ಬರ್ತಾ ಇದೆ."

"ನಾನೇ ತೆಗಿತೀನಿ ಬುಡಿ," ಎಂದು ಡ್ರೈವರ್ ಹ್ಯಾಂಡಲ್ ಹಿಡಿದು ಎಳೆದ. ಅಲ್ಲಾಡಲಿಲ್ಲ. ವ್ಯಾನಿನ ಕಿಟಕಿಯಿಂದ ಹೆಂಗಸರು ತಲೆ ಹಾಕಿ ನೋಡುತ್ತಿದ್ದರು. ನಾನು ಕಂಬದ ಹಾಗೆ ನಿಂತೆ. ಏಳೆಂಟು ನಿಮಿಷವಾದ ಮೇಲೆ ಹಾಸಿಗೆ ಹೊತ್ತ ಆಟೋ ತಿರುವಿನಲ್ಲಿ ಕಾಣಿಸಿತು. ಹಾಸಿಗೆ ವ್ಯಾನಿನ ಮೇಲೇರಿತು, ಹಗ್ಗ ಬಿಗಿಯಿತು. ನಾನು ಬೀಗ ತೆಗೆದೆ. ಸಾಹೇಬರು ವ್ಯಾನು ಹತ್ತುವ ಮುಂಚೆ ನನ್ನ ಸ್ಕೂಟರಿನ ಹ್ಯಾಂಡಲನ್ನು ಒಮ್ಮೆ ಮುಟ್ಟಿ, "ಗಟ್ಟಿಯಾಗಿದೆ," ಎಂದರು.

ಮುಂದಿನ ಶನಿವಾರ ವರದಿ ಕಳಿಸಿ ಆಟ ತೆರೆದೆ. ನನ್ನ ಹೆಸರಿಗೆ ಓಲೆಗಳ ರಾಶಿ ಬಿದ್ದಿತ್ತು. ಮೊದಲನೆಯದು ಗುಂಪಿನ ಮುಖ್ಯಸ್ಥನದು: ಸಸಿಗಳು ಬೇರು ಬಿಟ್ಟಿವೆ, ಭೇಷ್. ಎರಡನೆಯದೂ ಅವನದೇ: ಹಡಗು ತೆಗೆ. ಅವತ್ತು ಏಳುವ ಮುಂಚೆ ನನ್ನ ಕೈ ಒತ್ತಿದ್ದು ಬೀಗದ ಗುಂಡಿ. ಮೂರನೆಯದರಿಂದ ಮುಂದೆ ಗುರುತಿಲ್ಲದವರು. ಬುಧವಾರದ ಹೊತ್ತಿಗೆ ಸಭ್ಯತೆ ತೀರಿತ್ತು. ನಡುವೆ ಹಳದಿ ಹಡಗಿನವನದೂ ಒಂದಿತ್ತು. ನಿಮ್ಮ ಹಡಗನ್ನು ತಳ್ಳಿ ನೋಡಿದೆ, ಆಗಲಿಲ್ಲ, ಕ್ಷಮಿಸಿ ಎಂದು ಬರೆದಿದ್ದ. ಕೊನೆಯದು ಶುಕ್ರವಾರದ್ದು: ನೀನು ಇನ್ನು ಮೇಲೆ ಮತ್ತೆ ಕಾವಲಿಗೆ.

ಕ್ಯಾಬಿನ್ನಿನ ಪರದೆ ಸರಿಯಿತು. ಮದುವೆ ಮುಗಿಸಿ ಬಂದಿದ್ದ ಸಾಹೇಬರು ಲಾಡು ಪೊಟ್ಟಣ ಹಿಡಿದು ನಿಂತಿದ್ದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕಂಪ್ಯೂಟರಿನತ್ತ ಬಗ್ಗಿದರು. ಬಾಗಿಲಲ್ಲಿ ಒಂದು ಹಡಗು, ಅದರ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಹಡಗುಗಳ ಸಾಲು.

"ಇವತ್ತು ಯಾವನು ಸಾರ್ ಅಡ್ಡ ನಿಂತಿರೋನು?"

"ನಾನೇ ಸಾಹೇಬ್ರೆ. ಒಂದು ವಾರ ಆಯ್ತು."

ಅವರು ಸಾಲನ್ನು ನೋಡಿದರು, ನನ್ನನ್ನು ನೋಡಿದರು, ಲಾಡು ಪೊಟ್ಟಣವನ್ನು ಮಡಿಲಿನ ಮೇಲೆ ಇಟ್ಟುಕೊಂಡರು.

"ಅಲ್ಲೂನಾ?" ಎಂದರು.