ಜೋಗಯ್ಯ ಕಚ್ಚು ಹಾಕಿದ ಮರಗಳು

ಎಚ್.ಡಿ. ಕೋಟೆ ಕಾಡಂಚಿನ ಗಿರಿಜನರ ಹಾಡಿಯ ಜೋಗಯ್ಯ ಜೇನು ಕೀಳುವವನು. ವಿಮಾನವನ್ನು ಕತ್ತೆತ್ತಿ ನೋಡಿದ್ದ, ಅಷ್ಟೇ. ೧೯೭೩ರಲ್ಲಿ ಯಾವುದೋ ವಿಮಾನಕ್ಕೆ ಕೊಕ್ಕರೆ ಬಡಿಯಿತೆಂದು ಹಾಡಿಯ ಪಕ್ಕದ ಕೆರೆ ಏರಿಗೆ ರೇಡಾರ್ ಬಂತು. ಹಕ್ಕಿಗಳ ದಾರಿ ತಿಳಿದರೆ ವಿಮಾನಗಳಿಗೆ ಮೊದಲೇ ಎಚ್ಚರಿಕೆ ಕೊಡಬಹುದಂತೆ. ಪರದೆಯ ಮೇಲೆ ಹಸಿರು ಚುಕ್ಕೆಗಳೇನೋ ಕಾಣುತ್ತಿದ್ದವು. ಯಾವ ಚುಕ್ಕೆ ಯಾವ ಹಕ್ಕಿ ಎಂದು ಹೇಳಲು ಅಷ್ಟು ದೊಡ್ಡ ಯಂತ್ರಕ್ಕೆ ಬಾಯಿರಲಿಲ್ಲ. ಅದಕ್ಕೆ ಜೋಗಯ್ಯ ಬೇಕಾದ.

ಅವನು ಹೊರಗೆ ಬಿಸಿಲಲ್ಲಿ ನಿಂತು, "ಬೆಳ್ಳಕ್ಕಿ ಕಣ್ ಸಾಮಿ! ಈಗ ಬಂದದ್ದು ಕೊಕ್ಕರೆ!" ಎಂದು ಕೂಗುತ್ತಿದ್ದ. ಒಳಗಿದ್ದವರು ಬರೆದುಕೊಳ್ಳುತ್ತಿದ್ದರು. ಅವರಿಗೆ ಟೀ ಲೋಟದಲ್ಲಿ, ಇವನಿಗೆ ತೆಂಗಿನ ಚಿಪ್ಪಿನಲ್ಲಿ.

ಒಂದು ದಿನ ಅಲ್ಲಿನ ಸಾಹೇಬ ಕಂಠಪ್ಪ, "ಹಕ್ಕಿ ಕೂರೋ ಮರಗಳಿಗೆಲ್ಲ ಗುರುತು ಹಾಕಿ ಬಾರೋ" ಎಂದ. ಏಕೆಂದು ಹೇಳಲಿಲ್ಲ. ಜೋಗಯ್ಯ ಕೇಳಲೂ ಇಲ್ಲ. ಹಾಡಿಯಲ್ಲಿ ಜೇನು ಕಂಡವನು ಮರಕ್ಕೆ ಕತ್ತಿಯಿಂದ ಒಂದು ಕಚ್ಚು ಹಾಕಿದರೆ ಮುಗಿಯಿತು, ಹೊಟ್ಟೆಗಿಲ್ಲದೆ ಸತ್ತರೂ ಇನ್ನೊಬ್ಬ ಅದನ್ನು ಮುಟ್ಟುವುದಿಲ್ಲ. ಸಾಹೇಬರೇ ಕಚ್ಚು ಹಾಕಿಸುತ್ತಿದ್ದಾರೆಂದರೆ ಮರಗಳು ಉಳಿದವು ಎಂದು ಪಾಪ, ಹಿಗ್ಗಿಹೋದ.

ಹಾಡಿಯ ಹಿಂದೆ ಒಂದು ತಾರೆ ಮರವಿತ್ತು. ಅದರ ತುಂಬ ಹೆಜ್ಜೇನು. ಇಡೀ ಹಾಡಿಯ ಹೊಟ್ಟೆಪಾಡು ಅದೇ. ಕೊಕ್ಕರೆ ಅತ್ತ ಸುಳಿಯುತ್ತಲೇ ಇರಲಿಲ್ಲ. "ಇದ್ಕೂ ಒಂದು ಆಕ್ಬುಡ್ತೀನಿ ಕಣೆ. ಆಮ್ಯಾಕೆ ಮರ ಕಡ್ಯೋ ಯಾವ ಕಂತ್ರಾಟುದಾರನೂ ಮುಟ್ಟಕಿಲ್ಲ" ಎಂದು ಹೆಂಡತಿ ಕೆಂಪಿಗೆ ಹೇಳಿ, ಎಲ್ಲಕ್ಕಿಂತ ಆಳವಾದ ಕಚ್ಚನ್ನು ಅದಕ್ಕೇ ಹಾಕಿದ.

ಮೂರನೆಯ ದಿನ ಗರಗಸದವರು ಬಂದರು. ಕೂರಲು ಮರವಿಲ್ಲದಿದ್ದರೆ ಹಕ್ಕಿಗಳು ತಾವಾಗಿಯೇ ತೊಲಗುತ್ತವೆ ಎನ್ನುವುದು ಕಂಠಪ್ಪನ ಬುದ್ಧಿವಂತಿಕೆ. ಕಚ್ಚು ಕಂಡ ಮರವೆಲ್ಲ ಉರುಳಿತು. ಜೋಗಯ್ಯ ತಾರೆ ಮರವನ್ನು ತಬ್ಬಿಕೊಂಡು, "ಇದ್ರಲ್ಲಿ ಕೊಕ್ಕರೆ ಕೂರಕಿಲ್ಲ ಸಾಮಿ, ಇದು ನಮ್ಮನ್ನ ಸಾಕೋ ಮರ!" ಎಂದು ಗೋಗರೆದ.

"ಗುರುತು ಹಾಕಿದೋನು ನೀನೇ ತಾನೇ?" ಎಂದು ಕಂಠಪ್ಪ ನಕ್ಕ. ಇಬ್ಬರು ಅವನನ್ನು ಎಳೆದು ಹಿಡಿದುಕೊಂಡರು. ಮಧ್ಯಾಹ್ನದೊಳಗೆ ಮರ ಬಿತ್ತು.

ಹಕ್ಕಿಗಳೇನೂ ತೊಲಗಲಿಲ್ಲ. ಗೂಡು ಕಳೆದುಕೊಂಡು ಕೆರೆಯ ಮೇಲೆ ದಿನವಿಡೀ ಸುತ್ತಿದವು. ಪರದೆಯ ತುಂಬ ಚುಕ್ಕೆಗಳು. ಯಾವ ದಾರಿಯೂ ತಿಳಿಯಲಿಲ್ಲ. ವಾರದೊಳಗೆ ರೇಡಾರನ್ನು ಲಾರಿಗೆ ಹೇರಿಕೊಂಡು ಹೊರಟೇಹೋದರು. ಜೋಗಯ್ಯನಿಗೆ ಒಂದು ಮಾತೂ ಹೇಳಲಿಲ್ಲ.

ಮುಂದಿನ ಜೇನಿನ ಕಾಲಕ್ಕೆ ಗಂಡಸರ ಜೊತೆ ಅವನೂ ಕಾಡಿಗೆ ಹೊರಟ. ಕೆಂಪಿ ಎಲ್ಲರೆದುರಿಗೇ ಅವನ ಸೊಂಟದ ಕತ್ತಿ ಕಿತ್ತುಕೊಂಡಳು.

"ನೀ ಇನ್ ಮರ ಮುಟ್ಬ್ಯಾಡ" ಎಂದಳು.

ಆಮೇಲೆ ಇಪ್ಪತ್ತು ವರ್ಷ ಬದುಕಿದ. ಹಾಡಿಯಲ್ಲಿ ಯಾರೂ ಅವನ ಕೈಗೆ ಕತ್ತಿ ಕೊಡಲಿಲ್ಲ.