ಕಿವುಡಿಗೆ ನಾಲ್ಕು ಅಂಕ

ಕನ್ನಡಕದ ಅಂಗಡಿಯವನಿಗೆ ಲೆಕ್ಕಾಚಾರವೆಂದರೆ ಪ್ರಾಣ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವಾಗ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಎನ್ನುವ ಆಸಾಮಿ, ಭಾನುವಾರ ಮಧ್ಯಾಹ್ನ ಅದೇ ಕೋಣೆಯಲ್ಲಿ ನಡೆಯುವ ಆಟದಲ್ಲೂ ಹಾಗೇ. ಮೇಜಿನ ಸುತ್ತ ಕೂತು, ತಲಾ ಒಂದು ಪಾತ್ರವನ್ನು ಹಾಳೆಯಲ್ಲಿ ಬರೆದುಕೊಂಡು, ದಾಳ ಉರುಳಿಸುತ್ತ ಎಲ್ಲರೂ ಸೇರಿ ಒಂದು ಕಥೆ ನಡೆಸುವ ಆಟ ಅದು. ಕಥೆ ಹೇಳುವವರು ಡ್ರಾಯಿಂಗ್ ಟೀಚರ್. ಪಾತ್ರಕ್ಕೊಂದು ಕುಂದು ಬರೆದುಕೊಂಡರೆ ಅವರು ಅಂಕ ಕೊಡುತ್ತಾರೆ, ಆ ಅಂಕಕ್ಕೆ ಬೇಕಾದ ವಿದ್ಯೆ ಕೊಳ್ಳಬಹುದು. ಕುಂದು ಆಟದಲ್ಲಿ ಕಾಡಬೇಕು, ಅಷ್ಟೆ.

ನಮ್ಮವನು ಕಾಡದ ಕುಂದನ್ನೇ ಹುಡುಕಿದ. ಅವನ ಪಾತ್ರ ಬೀಗ ತೆಗೆಯುವ ಕಳ್ಳ. 'ಕಿವುಡು' ಎಂದು ಬರೆದು ನಾಲ್ಕು ಅಂಕ ಹೊಡೆದುಕೊಂಡ, ನಾಲ್ಕನ್ನೂ ಬೀಗದ ವಿದ್ಯೆಗೇ ಸುರಿದ. ಬೀಗಕ್ಕೇನು ಬಾಯಿದೆಯೇ? ಟೀಚರ್ ಹುಬ್ಬು ಗಂಟಿಕ್ಕಿದಾಗಲೆಲ್ಲ ಕಿವಿಗೆ ಕೈ ಹಚ್ಚಿ "ಆಂ? ಆಂ?" ಎನ್ನುತ್ತಿದ್ದ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಅಕ್ಕನ ಗಂಡ, ಮುದ್ರಣಾಲಯದಲ್ಲಿ ಮೂವತ್ತು ವರ್ಷ ಯಂತ್ರ ಓಡಿಸಿದ ಭಾವ ಮಾತ್ರ ತುಸು ತಡವಾಗಿ ನಗುತ್ತಿದ್ದರು. ಅವರ ಹಾಳೆಯಲ್ಲಿ ಕುಂದಿನ ಜಾಗ ಖಾಲಿ. "ಇರೋದೇ ಸಾಕು ಬಿಡಿ" ಎಂದಿದ್ದರು.

ಒಂದು ಭಾನುವಾರ ಟೀಚರ್ ನಕ್ಷೆಯ ಮೇಲೆ ಬಗ್ಗಿಕೊಂಡೇ, "ಸೇತುವೆ ಕೊಳೆತಿದೆ, ಕಾಲಿಟ್ರೆ ಮುರಿಯುತ್ತೆ" ಎಂದರು. ಭಾವ ದಾಳ ಎತ್ತಿಕೊಂಡು, "ನಾನು ಸೇತುವೆ ದಾಟ್ತೀನಿ" ಎಂದರು. ಅಷ್ಟು ದಿನ ಜತನದಿಂದ ಬೆಳೆಸಿದ ಅವರ ಪಾತ್ರ, ಒಬ್ಬ ವೈದ್ಯ, ಹೊಳೆಗೆ ಬಿದ್ದು ಸತ್ತ.

"ಏನ್ ಭಾವ, ಕಿವುಡು ಅಂತ ಅಂಕ ತಗೊಂಡಿದ್ದು ನಾನು, ಆಡ್ತಿರೋದು ನೀವು!"

ಎಲ್ಲರೂ ನಕ್ಕರು. ಭಾವ ಸುತ್ತ ಮುಖಗಳನ್ನು ನೋಡಿ, ಆಮೇಲೆ ನಕ್ಕರು.

ಮುಂದಿನ ಭಾನುವಾರ ಅವರ ಕುರ್ಚಿ ಖಾಲಿ. ಅಕ್ಕನಿಗೆ ಫೋನ್ ಮಾಡಿದ.

"ಅವರಿಗೆ ಎರಡು ವರ್ಷದಿಂದ ಕಿವಿ ಸರಿಯಾಗಿ ಕೇಳಿಸಲ್ಲ ಕಣೋ. ಆ ಮಿಷನ್ ಪಕ್ಕ ನಿಂತೂ ನಿಂತೂ ಹೋಯ್ತು. ಯಾರಿಗೂ ಹೇಳ್ಬೇಡ ಅಂದಿದ್ರು. ಅದ್ರಲ್ಲೂ ನಿಂಗೆ."

ಕೊನೆಯ ಮಾತು ಕೆನ್ನೆಗೆ ಬಾರಿಸಿದಂತಾಯಿತು. ಕಳೆದ ವರ್ಷ ಹೊಸ ಕನ್ನಡಕ ಮಾಡಿಸುವಾಗ ಭಾವ, "ಎದುರು ಕೂತವರ ಬಾಯಿ ಚೆನ್ನಾಗಿ ಕಾಣ್ಬೇಕಪ್ಪ" ಎಂದಿದ್ದರು. "ಯಾರ ಹಲ್ಲು ಎಣಿಸ್ಬೇಕು ಭಾವ?" ಎಂದು ಇವನೇ ಹಲ್ಲು ಕಿರಿದಿದ್ದ. ಆ ಗಾಜು ಉಜ್ಜಿದ್ದೂ ಇವನ ಕೈಯೇ. ಇನ್ನು ಭಾವ ಆ ಮೇಜಿಗೆ ಬರದಿದ್ದರೆ ಅವರನ್ನು ಎಬ್ಬಿಸಿ ಕಳಿಸಿದವನು ತಾನೇ ಎಂಬುದರಲ್ಲಿ ಅನುಮಾನವಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಅಕ್ಕನ ಮನೆಗೆ ಹೋದ. ತನ್ನ ಹಾಳೆಯಲ್ಲಿ 'ಕಿವುಡು' ಅಳಿಸಿದ್ದ, ಅದರ ಜೊತೆಗೆ ಬೀಗದ ವಿದ್ಯೆಯನ್ನೂ. ಹಾಳೆಯನ್ನು ಭಾವನ ಮುಂದಿಟ್ಟ. ಭಾವ ಕನ್ನಡಕ ಏರಿಸಿಕೊಂಡು, ರಬ್ಬರ್ ಉಜ್ಜಿ ಸವೆದ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದರು.

"ಇದಕ್ಕೆ ಎಷ್ಟು ಅಂಕ ಕೊಟ್ಟಿದ್ರು ನಿಂಗೆ?"

"ನಾಲ್ಕು" ಎಂದ, ತಲೆ ತಗ್ಗಿಸಿಕೊಂಡು, ನೆಲಕ್ಕೆ.

"ಆಂ?"

ಭಾವ ಕಿವಿಗೆ ಕೈ ಹಚ್ಚಿರಲಿಲ್ಲ. ಇವನ ಬಾಯಿ ಎಲ್ಲಿದೆ ಎಂದು ಬಗ್ಗಿ ಹುಡುಕುತ್ತಿದ್ದರು. ಅವನು ಮುಖ ಎತ್ತಲೇಬೇಕಾಯಿತು. ಅಡುಗೆಮನೆಯಲ್ಲಿದ್ದ ಅಕ್ಕನಿಗೂ ಕೇಳುವಷ್ಟು ಜೋರಾಗಿ ಹೇಳಬೇಕಾಯಿತು.

"ನಾಲ್ಕು, ಭಾವ!"

"ನೋಡು," ಎಂದರು ಭಾವ, "ನಂಗೆ ಒಂದೂ ಕೊಡ್ಲಿಲ್ಲ."