ಹಿಂದಕ್ಕೆ ಓಡುವ ರಿಕ್ಷಾ

ಹೊಳೆ ನಡುವಿನ ದ್ವೀಪವಾದ ನಮ್ಮ ಕುದ್ರುವಿಗೆ ಇನ್ನೂ ಸಂಕ, ಅಂದರೆ ಸೇತುವೆ, ಇಲ್ಲದಾಗ, ಗಲ್ಫಿನಿಂದ ಮರಳಿದ ನೆರೆಮನೆಯವರು ದುಡಿದದ್ದನ್ನೆಲ್ಲ ಹಾಕಿ ಉಪ್ಪಳದಿಂದ ರಿಕ್ಷಾ ತಂದರು. ಜೋಡಿಸಿ ಕಟ್ಟಿದ ಎರಡು ದೋಣಿಗಳ ಮೇಲೆ ಅದು ಹೊಳೆ ದಾಟಿತು. ನಡುನೀರಿನಲ್ಲೂ ಅವರು ಸೀಟಿನಲ್ಲೇ ಕುಳಿತು ಹಾರ್ನ್ ಹೊಡೆಯುತ್ತಿದ್ದರು.

"ರಸ್ತೆಯೇ ಇಲ್ಲ, ಎಂತ ಮಾಡಿದ್ರಿ ನೀವು?" ಎಂದು ಅವರ ಹೆಂಡತಿ ದೋಣಿ ನಿಲ್ಲುವ ಕಡವಿನಲ್ಲೇ ಅತ್ತರು.

"ಸಂಕ ಬರ್ತದೆ ಮಾರಾಯ್ತಿ. ರಿಕ್ಷಾ ರೆಡಿ ಉಂಟು."

ವರ್ಷಗಟ್ಟಲೆ ಅದೇ ಮಾತು. ಇದ್ದದ್ದು ಕಡವಿನಿಂದ ಅವರ ಅಂಗಳದವರೆಗೆ ತೆಂಗಿನ ಮರಗಳ ನಡುವಿನ ಕಿರುದಾರಿಯೊಂದೇ. ತಿರುಗಿಸಲು ಎಲ್ಲೂ ಜಾಗವಿಲ್ಲ. ಹಾಗಾಗಿ ಕಡವಿನಿಂದ ರಿವರ್ಸ್‌ನಲ್ಲೇ ಬರುತ್ತಿದ್ದರು, ಕತ್ತು ಹೊರಗೆ ಚಾಚಿ, ಕೋಳಿಗಳನ್ನು ಬೈಯುತ್ತ. ಮೀನಿನ ಬುಟ್ಟಿ, ಅಕ್ಕಿಮೂಟೆ, ಹೊಸ ಮದುಮಗಳು, ಎಲ್ಲವೂ ಹಿಮ್ಮುಖವಾಗಿಯೇ ಮನೆ ಸೇರಿದವು.

ಕೊನೆಗೂ ಸಂಕ ಬಂತು. ಉದ್ಘಾಟನೆ ಮುಗಿದದ್ದೇ ನಾವೆಲ್ಲ ರಿಕ್ಷಾದೊಳಗೆ ತುಂಬಿಕೊಂಡು ಆಚೆ ದಡಕ್ಕೆ ಹೋಗಿ, ಸೋಡಾ ಕುಡಿದು ವಾಪಸ್ ಹೊರಟೆವು. ಅವರು ಕತ್ತು ಹೊರಗೆ ಚಾಚಿ ರಿವರ್ಸ್ ಹಾಕಿದರು. ಇಡೀ ಸಂಕವನ್ನು ಹಿಂದಕ್ಕೇ ದಾಟಿದೆವು. "ಹಾರ್ನ್ ಹೊಡೀರಿ, ಹಾರ್ನ್!" ಎಂದು ಹೆಂಡತಿ ಕೂಗುತ್ತಿದ್ದರು. ಎರಡೂ ಬದಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಸಂಕ ಬಂದ ಖುಷಿಗೆ ಎಂದುಕೊಂಡೆವು. ತಿರುಗಿಸಿಕೊಂಡು ಬರಬಹುದಿತ್ತು ಎಂಬುದು ಅಂಗಳ ಮುಟ್ಟುವವರೆಗೂ ನಮ್ಮಲ್ಲಿ ಯಾರಿಗೂ ಹೊಳೆಯಲೇ ಇಲ್ಲ.